ಮಳೆಗಾಲದಲ್ಲಿ ಕಣ್ಣು ಮುಚ್ಚಿದ ಆಮೆ

ಹೋದ ಆಷಾಢದಲ್ಲಿ ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದಳು. "ಆಮೆ ನಾಲ್ಕು ದಿನದಿಂದ ಏನೂ ತಿಂತಿಲ್ಲ ಕಣೇ, ಕಣ್ಣೂ ಬಿಡ್ತಿಲ್ಲ, ಇವನು ಸ್ಕೂಲಿಗೆ ಹೋಗಲ್ಲ ಅಂತ ಕೂತಿದ್ದಾನೆ" ಅಂದಳು. ಅವರ ಮನೆಯಲ್ಲಿ ಆಮೆ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮಗನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಮೀನಿನ ಅಂಗಡಿಯಿಂದ ತಂದಿದ್ದರಂತೆ. "ಇಷ್ಟೇ ಇರುತ್ತೆ, ದೊಡ್ಡದಾಗಲ್ಲ, ಒಣ ಸೀಗಡಿ ಹಾಕಿದ್ರೆ ಸಾಕು" ಅಂತ ಅಂಗಡಿಯವರು ಹೇಳಿದ್ದನ್ನು ಇವರು ನಂಬಿದ್ದರು.

ಮಾರನೇ ದಿನ ತೀರ್ಥಹಳ್ಳಿಯಿಂದ ಬಸ್ ಹತ್ತಿ ಹೋದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಆಮೆ, ಹೆಸರು ಗುಂಡ. ಈ ಜಾತಿಯ ಮೂಲ ನಮ್ಮ ದೇಶವಲ್ಲ, ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆ. ಎರಡೂ ಕಣ್ಣು ಊದಿಕೊಂಡಿದ್ದವು. ಚಿಪ್ಪನ್ನು ಮೆಲ್ಲಗೆ ಒತ್ತಿದರೆ ಬೆರಳಿಗೆ ಸ್ವಲ್ಪ ಮೆತ್ತಗೆ ಸಿಕ್ಕಿತು. ಅದನ್ನು ಮುಟ್ಟಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಹುಡುಗ ಏನೂ ಅಸಡ್ಡೆ ಮಾಡಿರಲಿಲ್ಲ. ಬೆಳಕು ಬರಲಿ ಅಂತ ಗಾಜಿನ ತೊಟ್ಟಿಯನ್ನು ಕಿಟಕಿ ಪಕ್ಕದಲ್ಲೇ ಇಟ್ಟಿದ್ದ. ಆದರೆ ಆಮೆಗೆ ಬೇಕಾಗಿದ್ದು ಬರೀ ಬೆಳಕಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮೈಗೆ ಬಿದ್ದರೆ ಮಾತ್ರ ಅದರ ಮೈಯಲ್ಲಿ ವಿಟಮಿನ್ ಡಿ ಆಗುತ್ತದೆ, ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಚಿಪ್ಪಿಗೆ ಹತ್ತುತ್ತದೆ, ಮತ್ತು ಆ ಕಿರಣ ಕಿಟಕಿಯ ಗಾಜು ದಾಟಿ ಬರುವುದೇ ಇಲ್ಲ ಅನ್ನಬಹುದು. ಅದರ ಮೇಲೆ ನಮ್ಮ ಮಲೆನಾಡಿನ ಮಳೆಗಾಲ! ಹಪ್ಪಳ ಒಣಗಿಸಲು ಒಂದು ಗಂಟೆ ಬಿಸಿಲು ಸಿಗದ ಊರಿನಲ್ಲಿ ಆಮೆಗೆ ಬಿಸಿಲು ಎಲ್ಲಿಂದ ತರೋದು? ಬಿಸಿಲು ಕಾಯಲು ನೀರಿನಿಂದ ಮೇಲೆ ಬರುವ ಒಣ ಜಾಗ ಬೇಕು, ಅಲ್ಲಿ 30 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು, ಜೊತೆಗೆ ಆ ಕಿರಣ ಕೊಡುವ ಬೇರೆಯದೇ ಬಲ್ಬ್ ಬೇಕು. ಆ ಬಲ್ಬ್ ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಆರು ತಿಂಗಳಿಂದ ವರ್ಷದೊಳಗೆ ಅದರ ಕಿರಣ ಕ್ಷೀಣಿಸುತ್ತದೆ, ಬದಲಾಯಿಸಲೇಬೇಕು. ಇಷ್ಟರಲ್ಲಿ ಒಂದನ್ನೂ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ನಾವು ತೋರಿಸಿದ ಪಶುವೈದ್ಯರು ತಾಳ್ಮೆಯಿಂದ ನೋಡಿದರು. ಕಣ್ಣಿನ ಊತಕ್ಕೆ ವಿಟಮಿನ್ ಎ ಕೊರತೆ, ಜೊತೆಗೆ ಕೊಳೆ ನೀರು ಕಾರಣ ಅಂದರು. ಔಷಧಿ ಕೊಟ್ಟರು. ಬರೀ ಒಣ ಸೀಗಡಿ ನಿಲ್ಲಿಸಿ ಆಮೆಗಂತಲೇ ಬರುವ ಕಾಳು, ಎರೆಹುಳ, ಕ್ಯಾರೆಟ್ ತುರಿ, ದಾಸವಾಳದ ಎಲೆ ಕೊಡಿ ಅಂದರು. ಇನ್ನೊಂದು ಮಾತನ್ನು ಅಕ್ಕನ ಮುಖ ನೋಡಿಯೇ ಹೇಳಿದರು: ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಮಕ್ಕಳು ಬಾಯಿಗೆ ಹಾಕಿದರೆ ವಾಂತಿ ಭೇದಿ ಆಗಬಹುದು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು. ಅಕ್ಕನ ಅತ್ತೆಗೆ ಎಪ್ಪತ್ತೆಂಟು ವರ್ಷ. ಆವತ್ತಿನಿಂದ ಗುಂಡನಿಗೆ ಬೇರೆ ಬಕೆಟ್, ಬೇರೆ ಬ್ರಷ್, ಹಿತ್ತಲಿನ ನಲ್ಲಿ.

ಮನೆಗೆ ಬಂದಮೇಲೆ ಭಾವ ಮೆಲ್ಲಗೆ ಕೇಳಿದರು, "ಇಷ್ಟೆಲ್ಲ ಯಾಕೆ, ಹುಷಾರಾದ ಮೇಲೆ ತುಂಗೆಗೆ ಬಿಟ್ಟುಬಿಡೋಣ್ವಾ? ಪುಣ್ಯನೂ ಬರುತ್ತೆ." ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಮ್ಮ ಕಡೆ ಎಲ್ಲರೂ ಹೀಗೇ ಯೋಚಿಸುತ್ತಾರೆ. ನಾನು ಮಾತ್ರ ಅವತ್ತು ಜೋರಾಗಿಯೇ ಹೇಳಿದೆ. ಶೃಂಗೇರಿಯಲ್ಲಿ, ನಮ್ಮ ತೀರ್ಥಹಳ್ಳಿಯ ಛಿಪ್ಪಲಗುಡ್ಡೆಯಲ್ಲಿ ಹೊಳೆಯ ಮೀನನ್ನು ದೇವರ ಮೀನು ಅಂತ ಕಾಪಾಡಿಕೊಂಡು ಬಂದಿದ್ದೇವೆ ಅಲ್ವಾ ಭಾವ, ಅದೇ ಹೊಳೆಗೆ ಈ ಆಮೆ ಬಿಟ್ಟರೆ ಸಣ್ಣ ಮೀನು, ಗೊದಮೊಟ್ಟೆ, ನೀರಿನ ಗಿಡ ಎಲ್ಲ ತಿನ್ನುತ್ತದೆ, ನಮ್ಮ ಆಮೆಗಳು ಬಿಸಿಲು ಕಾಯುವ ಬಂಡೆಯನ್ನೂ ಆಕ್ರಮಿಸುತ್ತದೆ, ತೊಟ್ಟಿಯ ರೋಗವನ್ನೂ ಹಂಚುತ್ತದೆ. ಜಗತ್ತಿನ ಎಷ್ಟೋ ಕೆರೆಗಳಲ್ಲಿ ಹೀಗೇ ಆಗಿದೆ. ಯುರೋಪಿನವರು 1997ರಲ್ಲೇ ಇದನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿದರು. ಭಾವ ಸುಮ್ಮನಾದರು. ದೇವಸ್ಥಾನದ ಪುಷ್ಕರಣಿಗೂ ಬಿಡಬಾರದು, ಅದೂ ಅಷ್ಟೇ.

ಆಮೇಲೆ ಅಕ್ಕ, ಭಾವ, ಹುಡುಗ ಮೂವರನ್ನೂ ಕೂರಿಸಿಕೊಂಡು ಮಾತಾಡಿದೆ. ಈ ಆಮೆ ಮೂವತ್ತು ವರ್ಷ ಬದುಕಬಹುದು. ಹೆಣ್ಣಾದರೆ ಊಟದ ತಟ್ಟೆಯಷ್ಟು ಅಗಲ ಬೆಳೆಯುತ್ತದೆ, ಆಗ ಕಡಿಮೆ ಅಂದರೂ 300 ಲೀಟರ್ ನೀರು ಹಿಡಿಯುವ ತೊಟ್ಟಿ ಬೇಕು. ಹನ್ನೆರಡು ವರ್ಷದ ಮಗು "ನಾನೇ ನೋಡ್ಕೋತೀನಿ" ಅಂದರೆ ಅದು ನಿಜವಾದ ಮಾತೇ, ಆದರೆ ಆ ಮಗು ಪಿಯುಸಿಗೆ ಹೋಗುತ್ತದೆ, ಹಾಸ್ಟೆಲ್ಲಿಗೆ ಹೋಗುತ್ತದೆ. ತಂದ ದಿನದಿಂದಲೇ ಆಮೆ ಅಪ್ಪ ಅಮ್ಮನದು. ಇದನ್ನು ಒಪ್ಪಿಕೊಳ್ಳಲು ಆಗದಿದ್ದರೆ ಅಂಗಡಿಯ ಬಾಗಿಲಲ್ಲೇ ಬೇಡ ಅನ್ನಬೇಕು. ಮಗು ಒಂದು ಸಂಜೆ ಅಳುತ್ತದೆ, ಅಳಲಿ.

ಹುಡುಗನಿಗೆ ಮೊಬೈಲಿನಲ್ಲಿ ಹೆಬ್ಬಾವು, ಇಗ್ವಾನಾ ಅನ್ನುವ ದೊಡ್ಡ ಓತಿ ನೋಡಿ ಅವೂ ಬೇಕು ಅನ್ನಿಸಿತ್ತು. ಅವನ ಸ್ನೇಹಿತನೊಬ್ಬ ನಕ್ಷತ್ರ ಆಮೆ ತರಿಸಿಕೊಡುತ್ತೇನೆ ಅಂದಿದ್ದನಂತೆ, ಅದೃಷ್ಟ ಬರುತ್ತೆ ಅಂತ. ಅದಂತೂ ಬೇಡವೇ ಬೇಡ. ನಕ್ಷತ್ರ ಆಮೆ, ಉಡ, ನಮ್ಮ ಹೆಬ್ಬಾವು ಎಲ್ಲ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಮೂರರಿಂದ ಏಳು ವರ್ಷ ಜೈಲಾಗಬಹುದು. ಹೊರದೇಶದ ಇಗ್ವಾನಾ, ಬಾಲ್ ಪೈಥಾನ್ ಅನ್ನುವ ಹೆಬ್ಬಾವು ಸಾಕುವುದಾದರೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಇಲ್ಲದೆ ಮಾರುವವರ ಹತ್ತಿರ ಏನೂ ಕೊಳ್ಳಬೇಡಿ.

ದಸರಾ ರಜೆಗೆ ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಬೆಳಗ್ಗೆ ಮಂಜು ಹರಿದು ಬಿಸಿಲು ಬಿದ್ದಮೇಲೆ ತೋಟಕ್ಕೆ ಹೋಗಿ ಅಡಿಕೆ ಮರಗಳನ್ನೇ ನೋಡುತ್ತಾ ನಿಂತೆವು. ಮೂರನೇ ದಿನ ಹಾರುವ ಓತಿ ಕಂಡಿತು. ಹಳದಿ ಗಂಟಲಚೀಲ ಬಿಚ್ಚಿ ಮುಚ್ಚಿ ಮಾಡಿತು, ಆಮೇಲೆ ಪಕ್ಕೆಯ ರೆಕ್ಕೆ ಹರಡಿ ಆಚೆ ಮರಕ್ಕೆ ತೇಲಿಹೋಯಿತು. ಹುಡುಗ ಉಸಿರು ಬಿಗಿ ಹಿಡಿದು ನಿಂತಿದ್ದ. "ಚಿಕ್ಕಿ, ಇದನ್ನ ಹಿಡೀಬಾರದು ಅಲ್ವಾ" ಅಂದ, ಅವನಾಗಿಯೇ.

ಗುಂಡ ಈಗ ಎರಡೂ ಕಣ್ಣು ಬಿಡುತ್ತಾನೆ. ಚಿಪ್ಪು ಗಟ್ಟಿಯಾಗುತ್ತಿದೆ. ಬಲ್ಬ್ ಬದಲಾಯಿಸುವ ತಾರೀಕನ್ನು ಭಾವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟಿದ್ದಾರೆ. ಮುಂದಿನ ಮಳೆಗಾಲದ ಒಳಗೆ ದೊಡ್ಡ ತೊಟ್ಟಿ ಬೇಕು. ಶಿವಮೊಗ್ಗದಲ್ಲಿ ಯಾರ ಮನೆಯಲ್ಲಾದರೂ ನಾಲ್ಕಡಿಯ ಹಳೆಯ ಅಕ್ವೇರಿಯಂ ಸುಮ್ನೆ ಬಿದ್ದಿದ್ದರೆ ಹೇಳಿ, ಭಾವ ಬಂದು ತೆಗೆದುಕೊಂಡು ಹೋಗುತ್ತಾರೆ.