ಒಬ್ಬ ಗನ್‌ಮ್ಯಾನ್ ಅಂದರೆ ನಾಲ್ಕು ಸಂಬಳ

ಮಂತ್ರಿಯ ಕಾರಿನ ಹಿಂದೆ ಇನ್ನೈದು ಕಾರು ಕಂಡರೆ ನಾವು ಬೈಯುವುದು ಡೀಸೆಲ್ ಖರ್ಚಿಗೆ. ಅದು ಸಣ್ಣ ಬಾಬ್ತು. ದೊಡ್ಡ ಗಂಟು ಹೋಗುವುದು ಸಂಬಳಕ್ಕೆ, ಅದೂ ನಮ್ಮ ಕಣ್ಣಿಗೆ ಬೀಳದ ಕಾವಲಿನ ಪೊಲೀಸರ ಸಂಬಳಕ್ಕೆ.

ಲೆಕ್ಕ ಹಾಕಿ ನೋಡಿ. ಒಂದು ಗೇಟಿನ ಮುಂದೆ ಹಗಲೂ ರಾತ್ರಿ ಒಬ್ಬ ಬಂದೂಕುಧಾರಿ ಇರಬೇಕು ಅಂದರೆ ವರ್ಷಕ್ಕೆ 8,760 ಗಂಟೆ ಕಾವಲು. ಒಬ್ಬ ಕಾನ್‌ಸ್ಟೆಬಲ್‌ಗೆ ವಾರದ ರಜೆ 52, ಗಳಿಕೆ ರಜೆ 30, ಅದರ ಮೇಲೆ ಸಾಂದರ್ಭಿಕ ರಜೆ, ಹಬ್ಬ, ಫೈರಿಂಗ್ ತರಬೇತಿ ಎಲ್ಲ ಕಳೆದರೆ ಡ್ಯೂಟಿಗೆ ಉಳಿಯುವುದು 250 ದಿನದ ಆಸುಪಾಸು. ದಿನಕ್ಕೆ 8 ಗಂಟೆಯಂತೆ 2,000 ಗಂಟೆ. 8,760ನ್ನು ಅದರಿಂದ ಭಾಗಿಸಿದರೆ 4.38 ಜನ. ಗೇಟಿಗೆ ಇಬ್ಬರು ಬೇಕೆಂದರೆ ಹೆಚ್ಚುಕಡಿಮೆ ಒಂಬತ್ತು ಜನ. ಎಸ್ಕಾರ್ಟ್ ಕಾರಿನ ಪ್ರತಿ ಸೀಟಿಗೂ, ಚಾಲಕನಿಗೂ ಲೆಕ್ಕದ ದಾರಿ ಇದೇ, ಎಷ್ಟು ಹೊತ್ತಿನ ಪಾಳಿ ಅನ್ನುವುದಷ್ಟೇ ಬೇರೆ.

ಇಷ್ಟು ಜನ ಮಂಜೂರಾಗಿರುವುದಿಲ್ಲ. ಹಾಗಾಗಿ ಎರಡು ದಾರಿ. ಒಂದು, ಇರುವವನನ್ನೇ 12, 16 ಗಂಟೆ ನಿಲ್ಲಿಸುವುದು. ಬೆಳಗಿನ ಜಾವ ಮೂರಕ್ಕೆ ಅವನು ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾನೆ, ಕಾವಲು ಹೆಸರಿಗಷ್ಟೇ. ಇನ್ನೊಂದು, ಠಾಣೆಯಿಂದಲೋ ಸಶಸ್ತ್ರ ಮೀಸಲು ಪಡೆಯಿಂದಲೋ ಓಓಡಿ (ಬೇರೆ ಕಡೆಯ ಕರ್ತವ್ಯ) ಮೇಲೆ ಎಳೆದುಕೊಳ್ಳುವುದು. ಠಾಣೆಯ ಬೀಟ್ ಪುಸ್ತಕದಲ್ಲಿ ಅವನ ಹೆಸರು ಹಾಗೇ ಇರುತ್ತದೆ, ಬೀದಿಯಲ್ಲಿ ಅವನಿರುವುದಿಲ್ಲ.

ಭದ್ರತೆಯ ಒಟ್ಟು ಮೊತ್ತ ಯಾಕೆ ಯಾರ ಕೈಗೂ ಸಿಗುವುದಿಲ್ಲ ಅಂದರೆ, ಅದು ಒಂದೇ ಶೀರ್ಷಿಕೆಯಲ್ಲಿ ಇರುವುದೇ ಇಲ್ಲ. ಸಂಬಳ ಪಡೆಯ ಲೆಕ್ಕದಲ್ಲಿ, ವಾಹನ ಮೋಟಾರು ಸಾರಿಗೆ ವಿಭಾಗದಲ್ಲಿ, ಕಾವಲು ಶೆಡ್ಡು ಲೋಕೋಪಯೋಗಿ ಇಲಾಖೆಯಲ್ಲಿ, ಪ್ರವಾಸದ ಬಂದೋಬಸ್ತು ಆಯಾ ಜಿಲ್ಲೆಯ ತಲೆ ಮೇಲೆ. ಪ್ರಧಾನಿಯನ್ನು ಕಾಯುವ ಎಸ್‌ಪಿಜಿಗೆ ಮಾತ್ರ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಇದೆ, 2020-21ರಲ್ಲಿ ಸುಮಾರು 592 ಕೋಟಿ ರೂ. ಅದನ್ನಾದರೂ ಪ್ರಶ್ನಿಸಬಹುದು. ಉಳಿದವರದ್ದು ಹಾಗಲ್ಲ.

ಗುಂಡು ನಿರೋಧಕ ಕಾರಿನದ್ದು ಬೇರೆಯೇ ಕಥೆ. ಉಕ್ಕಿನ ತಗಡು, ದಪ್ಪ ಗಾಜು ಸೇರಿ ಎಸ್‌ಯುವಿಯೊಂದಕ್ಕೆ ಟನ್ ಹತ್ತಿರ ತೂಕ ಏರುತ್ತದೆ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಟೈರು ಬೇಗ ಸವೆಯುತ್ತವೆ, ಬಾಗಿಲ ಕೀಲು ಜೋತು ಬೀಳುತ್ತದೆ. ಪದರ ಪದರವಾಗಿ ಅಂಟಿಸಿದ ಗಾಜು ಬಿಸಿಲಿಗೆ ಅಂಚಿನಿಂದ ಬಿಟ್ಟುಕೊಂಡು ಹಾಲಿನಂತೆ ಮಸುಕಾಗಿ, ಒಳಗೆ ಗುಳ್ಳೆ ಏಳುತ್ತದೆ. ಆಮೇಲೆ ಗಾಜು ಬದಲಾಯಿಸಬೇಕು, ಅದು ಅಗ್ಗದ ಸಾಮಾನಲ್ಲ. ಸಭಾಂಗಣದ ಹೊರಗೆ ಎರಡು ಗಂಟೆ ಎಸಿ ಹಾಕಿಕೊಂಡು ಎಂಜಿನ್ ಉರಿಸುತ್ತಾ ನಿಂತ ಬೆಂಗಾವಲು ವಾಹನಗಳ ಲೆಕ್ಕ ಲಾಗ್ ಪುಸ್ತಕದ ಕಿಲೋಮೀಟರ್ ಕಾಲಂನಲ್ಲಿ ಬರುವುದೇ ಇಲ್ಲ.

2017ರ ಮೇ 1ರಿಂದ ಮಂತ್ರಿಗಳ ಕಾರಿನ ಮೇಲಿನ ಕೆಂಪು ದೀಪ ಹೋಯಿತು. ಉಳಿತಾಯವಾದದ್ದು ದೀಪದ ಬೆಲೆ.

ಭದ್ರತೆ ಕೊಡುವುದಕ್ಕೆ ಬೆದರಿಕೆಯ ವರದಿ ಬೇಕು. ಮುಂದುವರಿಸುವುದಕ್ಕೆ ಏನೂ ಬೇಡ. ತೆಗೆಯುವ ಕಡತಕ್ಕೆ ಸಹಿ ಹಾಕಿದ ಅಧಿಕಾರಿ, ನಾಳೆ ಏನಾದರೂ ಆದರೆ ತಾನೇ ಸಿಕ್ಕಿಬೀಳುತ್ತಾನೆ. ಹಾಗಾಗಿ ಪರಿಶೀಲನಾ ಸಭೆಯಲ್ಲಿ 'ಮುಂದುವರಿಸಬಹುದು' ಅನ್ನುವುದೇ ಸುಲಭ. ಆ ಹೆದರಿಕೆ ಸುಳ್ಳೂ ಅಲ್ಲ. 2022ರ ಮೇ 28ರಂದು ಪಂಜಾಬ್ ಸರ್ಕಾರ 424 ಮಂದಿಯ ಭದ್ರತೆ ಕಡಿತ ಮಾಡಿತು, ಹೆಸರುಗಳ ಪಟ್ಟಿಯೂ ಹೊರಬಿತ್ತು. ಮರುದಿನವೇ ಗಾಯಕ ಸಿಧು ಮೂಸೆವಾಲಾ ಹತ್ಯೆಯಾಯಿತು. ಅವರ ನಾಲ್ವರು ಕಾವಲಿನವರಲ್ಲಿ ಇಬ್ಬರನ್ನು ತೆಗೆದಿದ್ದರು, ಉಳಿದ ಇಬ್ಬರು ಅಂದು ಜೊತೆಯಲ್ಲಿರಲಿಲ್ಲ. ನನ್ನ ಪ್ರಕಾರ ಅಲ್ಲಿ ದೊಡ್ಡ ತಪ್ಪು ಕಡಿತವಲ್ಲ, ಪಟ್ಟಿ ಹೊರಗೆ ಬಂದದ್ದು.

ಕಡಿತ ಸದ್ದಿಲ್ಲದೆ ಆಗಬೇಕು. ಆದೇಶದಲ್ಲೇ ಆರು ತಿಂಗಳ ಗಡುವು ಇರಲಿ. ಹೊಸ ವರದಿ ಬರದಿದ್ದರೆ ತಾನಾಗಿ ಮುಗಿಯಲಿ. ಆಗ ಸಹಿ ಬೇಕಾಗುವುದು ತೆಗೆಯುವವನದ್ದಲ್ಲ, ಮುಂದುವರಿಸುವವನದ್ದು. ಇಳಿಸುವುದಾದರೆ ಮನೆ ಕಾವಲಿನಿಂದ ಶುರು ಮಾಡಬೇಕು. ಹೆಚ್ಚು ಜನರನ್ನು ನುಂಗುವುದು ಅದೇ, ಕ್ಯಾಮೆರಾ, ಬೆಳಕು, ಗಟ್ಟಿ ಗೇಟು ಅದರ ಅರ್ಧ ಕೆಲಸ ಮಾಡುತ್ತವೆ. ಪಕ್ಕದಲ್ಲೇ ಓಡಾಡುವ ಗನ್‌ಮ್ಯಾನ್‌ನನ್ನು ಕೊನೆಗೆ ತೆಗೆಯಿರಿ. ಯಾಕೆಂದರೆ ಹೊಂಚು ಹಾಕುವವರು ದಾರಿಯಲ್ಲಿ ಕಾಯುವುದು ದಿನಾ ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿಯುವವರಿಗಾಗಿ.

ನಿಮ್ಮ ಜಿಲ್ಲೆಯ ಲೆಕ್ಕ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂ. ಎಸ್‌ಪಿಜಿ, ಎನ್‌ಎಸ್‌ಜಿ, ಸಿಆರ್‌ಪಿಎಫ್‌ನಂಥ ಕೇಂದ್ರದ ಪಡೆಗಳು ಆ ಕಾಯ್ದೆಯ 24ನೇ ಕಲಂನ ವಿನಾಯಿತಿಯಲ್ಲಿವೆ. ಅರ್ಜಿ ಜಿಲ್ಲಾ ಪೊಲೀಸ್ ಕಚೇರಿಗೆ ಹೋಗಲಿ. ಯಾರಿಗೆ ಎಷ್ಟು ಗನ್‌ಮ್ಯಾನ್ ಅಂತ ಹೆಸರು ಹಿಡಿದು ಕೇಳಿದರೆ, ಜೀವಕ್ಕೆ ಅಪಾಯ ತರುವ ಮಾಹಿತಿ ಕೊಡಬೇಕಿಲ್ಲ ಅನ್ನುವ 8(1)(ಜಿ) ಕಲಂ ತೋರಿಸಿ ತಿರಸ್ಕರಿಸುತ್ತಾರೆ. ಇಂಥ ದಿನಾಂಕಕ್ಕೆ ಸಶಸ್ತ್ರ ಮೀಸಲು ಪಡೆಯ ಹಾಜರಿ ಬಲ ಎಷ್ಟು, ಅದರಲ್ಲಿ ಗನ್‌ಮ್ಯಾನ್, ಮನೆ ಕಾವಲು, ಎಸ್ಕಾರ್ಟ್ ಕರ್ತವ್ಯದಲ್ಲಿರುವವರೆಷ್ಟು, ಓಓಡಿ ಮೇಲೆ ಹೋದವರೆಷ್ಟು ಅಂತ ಬರೀ ಸಂಖ್ಯೆ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಇಂಧನದ ಲೆಕ್ಕಕ್ಕೆ ಬೇರೆ ಅರ್ಜಿ ಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.