ಉಂಗುರ ಟೈಮರ್ ಅಪ್‌ಡೇಟ್: ಬಜರ್ ಕಿತ್ತಾಕಿದ್ದಾಯ್ತು

ಎಷ್ಟು ಹೊತ್ತು ಉಳಿದಿದೆ ಅಂತ ದೀಪದ ಉಂಗುರದಲ್ಲಿ ತೋರಿಸೋಕೆ ನಾನೇ ಮಾಡ್ತಿದ್ದ ಟೈಮರ್ ಕೊನೆಗೂ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ದೆ ವೈರ್ ಚುಚ್ಚಿ ಸರ್ಕ್ಯೂಟ್ ಪರೀಕ್ಷೆ ಮಾಡೋ ಹಲಗೆ) ಬಿಟ್ಟು ಗೋಡೆ ಮೇಲೆ ಬಂತು. ಐಸ್‌ಕ್ರೀಮ್ ಡಬ್ಬದ ಬಿಳಿ ಮುಚ್ಚಳ, ಅದರ ಹಿಂದೆ 24 ಎಲ್‌ಇಡಿ ಇರೋ ಡಬ್ಲ್ಯೂಎಸ್2812ಬಿ ರಿಂಗು (ಒಂದೊಂದು ದೀಪದ ಬಣ್ಣಾನೂ ಕೋಡಿಂದ ಬೇರೆ ಬೇರೆ ಹೇಳ್ಬಹುದು), ಅದನ್ನ ನಡೆಸೋಕೆ ಆರ್ಡುಯಿನೋ ನ್ಯಾನೋ ಅನ್ನೋ ಒಂದು ಪುಟ್ಟ ಕಂಟ್ರೋಲರ್ ಬೋರ್ಡು, ಪಕ್ಕದಲ್ಲಿ ತಿರುಗಿಸೋ ನಾಬು, ಅಷ್ಟೇ ಸಾಮಾನು. ಒಂದು ಎಲ್‌ಇಡಿಗೆ ಎರಡೂವರೆ ನಿಮಿಷ, ಪೂರ್ತಿ ಸುತ್ತಿಗೆ ಒಂದು ಗಂಟೆ, ಟೈಮ್ ಹೋದಂಗೆಲ್ಲ ಒಂದೊಂದೇ ಆರ್ತಾ ಬರುತ್ತೆ.

ಇದೆಲ್ಲ ಯಾಕೆ ಅಂತ ಹೊಸಬರಿಗೆ ಹೇಳ್ಬಿಡ್ತೀನಿ. ನಂಗೆ ಎಡಿಎಚ್‌ಡಿ ಇದೆ, ಅಂದ್ರೆ ಗಮನ ಒಂದು ಕಡೆ ಹಿಡಿದಿಡೋಕೆ ಕಷ್ಟ ಆಗೋ ಸಮಸ್ಯೆ, ಗೊತ್ತಾಗಿದ್ದು ಮದುವೆಯಾಗಿ ಮಗು ಸ್ಕೂಲಿಗೆ ಹೋಗೋಕೆ ಶುರುವಾದ್ಮೇಲೆ. ದೊಡ್ಡೋರಲ್ಲಿ ಇದನ್ನ ಗುರುತಿಸ್ಬೇಕಾದ್ರೂ 12 ವರ್ಷಕ್ಕೆ ಮುಂಚೆನೇ ಕೆಲವು ಲಕ್ಷಣ ಇತ್ತಾ ಅಂತ ನೋಡ್ತಾರೆ, ಅದಕ್ಕೆ ಡಾಕ್ಟರು ಅಮ್ಮನ್ನೂ ಕರ್ಕೊಂಡ್ಬನ್ನಿ ಅಂದಿದ್ರು. ಅಮ್ಮ ಹೋಗಿ ಕೂತಿದ್ದೇ ತಡ, "ಸ್ನಾನ ಮಾಡ್ಕೊಂಡ್ ಬಾರೇ ಅಂದ್ರೆ ಬಚ್ಚಲಲ್ಲಿ ಸೋಪಿನ ಕವರ್ ಓದ್ತಾ ನಿಂತಿರೋಳು ಡಾಕ್ಟ್ರೇ" ಅಂತ ಶುರು ಮಾಡಿದ್ರು ನೋಡಿ, ನಿಲ್ಲಿಸ್ಲೇ ಇಲ್ಲ. ಕ್ಲಾಸಲ್ಲಿ ಗಲಾಟೆ ಮಾಡದೆ ಕಿಟಕಿ ನೋಡ್ಕೊಂಡು ಕೂರೋ ಹುಡುಗೀರನ್ನ ಯಾರೂ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಲ್ಲ, "ಬುದ್ಧಿವಂತೆ, ಆದ್ರೆ ಸೋಮಾರಿ" ಅಂತ ಮಾರ್ಕ್ಸ್ ಕಾರ್ಡಲ್ಲಿ ಬರೆದು ಕಳಿಸ್ತಾರೆ.

ಮಾತ್ರೆ ತಗೋತೀನಿ, ಮೀಥೈಲ್‌ಫೆನಿಡೇಟ್. ಡಾಕ್ಟರ್ ಚೀಟಿ ಇಲ್ದೆ ಸಿಗಲ್ಲ, ಎಲ್ಲಾ ಮೆಡಿಕಲ್ ಶಾಪಲ್ಲೂ ಇಟ್ಟಿರಲ್ಲ, ನಿಮಗೆ ಬೇಕಾ ಬೇಡ್ವಾ ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರಾನೇ ಕೇಳ್ಕೊಳ್ಳಿ. ನಂಗಂತೂ ಉಪಯೋಗ ಆಗಿದೆ, ಆದ್ರೆ ಮಾತ್ರೆ ಕೆಲಸ ಮಾಡೋ ಹೊತ್ತಲ್ಲಿ ಆಫೀಸ್ ಇಮೇಲ್ ಮುಂದೆ ಕೂತಿದ್ರೆ ಬರೀ ಇಮೇಲ್, ಬೀರು ಜೋಡಿಸೋಕೆ ಕೈ ಹಾಕಿದ್ರೆ ಮಧ್ಯಾಹ್ನದ ತನಕ ಬೀರು. ಹೊತ್ತು ಎಷ್ಟಾಯ್ತು ಅನ್ನೋ ಅಂದಾಜು ಒಳಗಿಂದ ಬರೋದೇ ಇಲ್ಲ. ಇದಕ್ಕೆ ಟೈಮ್ ಬ್ಲೈಂಡ್‌ನೆಸ್ ಅಂತಾರೆ. ರಸೆಲ್ ಬಾರ್ಕ್ಲಿ ಅಂತ ಅಮೆರಿಕದ ಸೈಕಾಲಜಿಸ್ಟ್ ಒಬ್ರು ಎಡಿಎಚ್‌ಡಿ ಬಗ್ಗೆ ಬಹಳ ವರ್ಷದಿಂದ ಹೇಳ್ತಿರೋದೂ ಇದನ್ನೇ: ಏನು ಮಾಡ್ಬೇಕು ಅಂತ ಇವರಿಗೆ ಗೊತ್ತು, ಗೊತ್ತಿರೋದನ್ನ ಆ ಹೊತ್ತಿಗೆ ಮಾಡೋಕಾಗಲ್ಲ, ಹಂಗಾಗಿ ಸಹಾಯ ಅನ್ನೋದು ಕೆಲಸ ನಡೆಯೋ ಜಾಗದಲ್ಲೇ, ಕಣ್ಮುಂದೆನೇ ಇರ್ಬೇಕು ಅಂತ. ನನ್ನ ಪ್ರಾಜೆಕ್ಟಿನ ಐಡಿಯಾ ಪೂರ್ತಿ ಇಷ್ಟೇ.

ಫೋನಲ್ಲಿ ಟೈಮರ್ ಇಲ್ವಾ ಅಂತ ನಮ್ಮನೆಯವ್ರು ಕೇಳಿದ್ರು. ಇದೆ ಸ್ವಾಮಿ, ಆದ್ರೆ ಟೈಮರ್ ಇಡೋಕೆ ಫೋನ್ ತೆಗೆದ್ರೆ ವಾಟ್ಸಾಪಲ್ಲಿ ಚಿಕ್ಕಮ್ಮನ ಮಗಳ ಗೃಹಪ್ರವೇಶದ ಫೋಟೋ ಬಂದಿರುತ್ತೆ, ಅದನ್ನ ನೋಡಿ ಆ ಟೈಲ್ಸ್ ಚೆನ್ನಾಗಿದೆ ಎಲ್ಲಿ ಸಿಗುತ್ತೆ ಅಂತ ಹುಡುಕ್ತಾ ಹೋದ್ರೆ ಟೈಮರೂ ಇಲ್ಲ ಕೆಲಸಾನೂ ಇಲ್ಲ.

ಈಗ ವೈರಿಂಗ್ ವಿಷಯ. ಈ ಥರ ಎಲ್‌ಇಡಿ ಒಂದೊಂದೂ ಫುಲ್ ಬಿಳಿ ಬೆಳಕಲ್ಲಿ ಸುಮಾರು 60 ಮಿಲಿಆಂಪ್ ಎಳೆಯುತ್ತೆ, 24ಕ್ಕೆ ಲೆಕ್ಕ ಹಾಕಿದ್ರೆ 1.44 ಆಂಪ್, ಮನೇಲಿ ಬಿದ್ದಿದ್ದ 1 ಆಂಪ್ ಹಳೇ ಚಾರ್ಜರಿಗೆ ಭಾರ. ಬಿಳಿ ಅಂದ್ರೆ ಕೆಂಪು, ಹಸಿರು, ನೀಲಿ ಮೂರೂ ಉರಿಯೋದು; ನಂಗೆ ಬೇಕಿದ್ದಿದ್ದು ಬರೀ ಕೆಂಪು, ಅಂದ್ರೆ ಮೂರರಲ್ಲಿ ಒಂದು ಪಾಲು, ಅರ್ಧ ಆಂಪಿನೊಳಗೆ ಮುಗೀತು. ಚಾರ್ಜರಿಂದ ನೇರ ರಿಂಗಿಗೆ 5 ವೋಲ್ಟ್ ಕೊಟ್ಟಿದೀನಿ, ಡೇಟಾ ಲೈನಲ್ಲಿ 330 ಓಮ್ ರೆಸಿಸ್ಟರ್, ಪವರಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ನ್ಯಾನೋ 5 ವೋಲ್ಟಲ್ಲೇ ಓಡೋದ್ರಿಂದ ಸಿಗ್ನಲ್ ವೋಲ್ಟೇಜ್ ಬದಲಾಯಿಸೋ ಲೆವೆಲ್ ಶಿಫ್ಟರ್ ತಲೆನೋವೂ ಇಲ್ಲ. ಕೋಡಲ್ಲಿ ಡಿಲೇ (ಪ್ರೋಗ್ರಾಮನ್ನೇ ನಿಲ್ಲಿಸಿ ಕಾಯಿಸೋ ಆದೇಶ) ಬಳಸಿಲ್ಲ, ಎಲ್ಲಾ ಮಿಲ್ಲಿಸ್ ಲೆಕ್ಕ, ಅಂದ್ರೆ ಬೋರ್ಡ್ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಎಣಿಸೋ ಕೌಂಟರ್. ಆ ಕೌಂಟರ್ ಸುಮಾರು 49.7 ದಿನಕ್ಕೆ ಮತ್ತೆ ಸೊನ್ನೆಗೆ ಬರುತ್ತೆ, ಆದ್ರೆ ಅನ್‌ಸೈನ್ಡ್ ಲಾಂಗ್‌ನಲ್ಲಿ (ಮೈನಸ್ ಇಲ್ಲದ ದೊಡ್ಡ ಪೂರ್ಣಸಂಖ್ಯೆ) ಈಗಿನದ್ರಿಂದ ಶುರುವಿನದ್ದನ್ನ ಕಳೆದ್ರೆ ಲೆಕ್ಕ ತಪ್ಪಲ್ಲ, ಗೋಡೆ ಮೇಲೆ ತಿಂಗಳುಗಟ್ಟಲೆ ಆನ್ ಇರೋ ಸಾಮಾನಿಗೆ ಇದು ಮುಖ್ಯ.

ಬಜರ್ ಯಾಕೆ ತೆಗೆದೆ ಅಂದ್ರೆ, ಸದ್ದು ಬಂದ ತಕ್ಷಣ ಕೈ ತಾನಾಗೇ ಹೋಗಿ ಆಫ್ ಮಾಡಿಬಿಡುತ್ತೆ, ತಲೆಗೆ ಸುದ್ದಿನೇ ಮುಟ್ಟಲ್ಲ. ಈಗ ಟೈಮ್ ಮುಗಿದ್ರೆ ಇಡೀ ರಿಂಗು ಮಿಣಮಿಣ ಅನ್ನುತ್ತೆ, ಅದನ್ನ ನಿಲ್ಲಿಸೋ ಬಟನ್ ಮಾತ್ರ ಬಾಗಿಲ ಹತ್ರ ಕೀ ನೇತಾಕೋ ಮೊಳೆ ಪಕ್ಕ ಇದೆ. ಉದ್ದ ವೈರ್ ಎಳೆದಿದೀನಿ, ನೋಡೋಕೆ ಚೆನ್ನಾಗಿಲ್ಲ, ಆದ್ರೆ ಕುರ್ಚಿಯಿಂದ ಏಳಲೇಬೇಕು. ಎದ್ದು ಬಾಗಿಲ ತನಕ ಬಂದ್ಮೇಲೆ ಮಗು ಕರ್ಕೊಂಡ್ಬರೋಕೆ ಹೊರಡೋದು ಕಷ್ಟ ಅಲ್ಲ, ಕಷ್ಟ ಇರೋದು ಏಳೋದ್ರಲ್ಲೇ.

ಇನ್ನೊಂದು ನಿಯಮ ಹಾಕ್ಕೊಂಡಿದೀನಿ, ಹೊಸ ಫೀಚರ್ ಇಲ್ಲ. ವೈಫೈ ಹಾಕು, ಆ್ಯಪ್ ಮಾಡು, ಟೈಮ್ ಇನ್ನೂ ಕರಾರುವಾಕ್ಕಾಗಿ ಇಡೋ ಆರ್‌ಟಿಸಿ ಮಾಡ್ಯೂಲ್ ಸೇರಿಸು ಅಂತ ತಲೆ ಕುಣೀತಾನೇ ಇರುತ್ತೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದ್ರಂತೂ ಕೇಳ್ಲೇಬೇಡಿ. ಗಂಟೆಗೆ ಹತ್ತಿಪ್ಪತ್ತು ಸೆಕೆಂಡ್ ಆಚೆ ಈಚೆ ಆದ್ರೆ ನಂಗೇನು ರಾಕೆಟ್ ಬಿಡೋದಿದ್ಯಾ? ಐಡಿಯಾ ಬಂದ್ರೆ ಒಂದು ನೋಟ್‌ಬುಕ್ಕಲ್ಲಿ ಬರೆದು ಮುಚ್ಚಿಡ್ತೀನಿ.

ಎಲ್ಲದಕ್ಕೂ ಆರ್ಡುಯಿನೋನೂ ಬೇಡ. ಮಾತ್ರೆ ತಗೊಂಡ್ನಾ ಇಲ್ವಾ ಅನ್ನೋ ಅನುಮಾನಕ್ಕೆ ವಾರದ ಏಳು ಖಾನೆ ಡಬ್ಬ ಸಾಕಾಯ್ತು, ಖಾನೆ ಖಾಲಿ ಅಂದ್ರೆ ತಗೊಂಡಿದೀನಿ. ಕರೆಂಟ್ ಬಿಲ್ ಆಟೋಪೇಗೆ ಹಾಕಿದ್ಮೇಲೆ ಅದರ ಯೋಚನೇನೇ ಇಲ್ಲ. ಟ್ಯಾಕ್ಸ್ ಫೈಲಿಂಗ್ ಥರ ಬೋರ್ ಹೊಡೆಸೋ ಕೆಲಸಕ್ಕೆ ಅಪ್ಪನ್ನ ಪದಬಂಧ ಹಿಡ್ಕೊಂಡು ಎದುರಿಗೆ ಕೂರಿಸ್ಕೋತೀನಿ, ಅವರು ಮಾತಾಡೋದೂ ಬೇಡ, ಸುಮ್ನೆ ಇದ್ರೆ ಸಾಕು ಕೆಲಸ ಸಾಗುತ್ತೆ. ಇದಕ್ಕೂ ಬಾಡಿ ಡಬ್ಲಿಂಗ್ ಅಂತ ಹೆಸರಿದೆ, ಅಪ್ಪ ಮಾತ್ರ "ನನ್ನನ್ನ ವಾಚ್‌ಮನ್ ಮಾಡ್ಕೊಂಡಿದೀಯ" ಅಂತಾರೆ.

ಬಾಕಿ ಇರೋದು ಆ ಉದ್ದ ವೈರಿಗೆ ಕೇಸಿಂಗ್ ಪಟ್ಟಿ ಹೊಡೆಯೋದು. ಮಾಡ್ಕೊಳೋರಿಗೆ ಒಂದು ಮಾತು, ನಿಮ್ಮ ಹತ್ರ 16 ಎಲ್‌ಇಡಿ ರಿಂಗ್ ಇದ್ರೆ ಅದೇ ನಡೆಯುತ್ತೆ, ಕೋಡಲ್ಲಿ ಎಲ್‌ಇಡಿ ಸಂಖ್ಯೆ ಬದಲಾಯಿಸಿ, ಒಂದೊಂದಕ್ಕೆ 150 ಸೆಕೆಂಡ್ ಇರೋದನ್ನ 225 ಮಾಡಿ.