ನೀಲಿ ಚೂರುಗಳು ಯಾಕೆ ಉದುರಿದವು: ಬೇವಿನ ಕಟ್ಟೆ ಎಲ್ಲಿಗೆ ಬಂತು

ನಮ್ಮ ಓಣಿಯ ಬೇವಿನ ಕಟ್ಟೆಯ ಅಂಚಿಗೆ ಕೂರಿಸಿದ್ದ ನೀಲಿ ಟೈಲ್ಸ್ ಚೂರುಗಳು ಏಪ್ರಿಲ್‌ನಿಂದ ಉದುರುತ್ತಿದ್ದವು, ಎಲ್ಲರೂ ಬಿಸಿಲಿಗೆ ಅಂದಿದ್ದರು. ಉದುರಿದ್ದು ಬಿಸಿಲಿಗಲ್ಲ. ಕಾರಣ ಕೊನೆಗೂ ಕೈಗೆ ಸಿಕ್ಕಿದೆ. ಮಳೆಗಾಲ ಹಿಡಿಯುವ ಮೊದಲು ಕಟ್ಟೆಯ ಅಂಚು ಮತ್ತೆ ನೀಲಿಯಾಗುತ್ತದೆ. ಒಡಕು ಟೈಲ್ಸ್ ಕೂರಿಸುವ ಹುಚ್ಚು ಇರುವವರೆಲ್ಲ ಇದನ್ನು ಪೂರ್ತಿ ಓದಿ, ನಿಮ್ಮ ಒಂದು ಬೇಸಿಗೆ ಉಳಿಯುತ್ತದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಬೀದರಿನ ಹಳೆ ಊರಿನಲ್ಲಿ ನಮ್ಮ ಓಣಿಯ ತುದಿಗೆ ಒಂದು ಬೇವಿನ ಮರವಿದೆ. ಅದರ ಸುತ್ತ ಇದ್ದ ಚೌಕ ಕಟ್ಟೆ ಬಿರುಕು ಬಿಟ್ಟು ಅರ್ಧ ಕುಸಿದಿತ್ತು. ಹೊಸದು ಕಟ್ಟಲು ಓಣಿಯವರೆಲ್ಲ ಒಪ್ಪಿದರು. ಆಕಾರ ಏನಿರಬೇಕು ಅನ್ನೋದನ್ನು ನನಗೆ ಬಿಟ್ಟರು. ನಾನು ಚೌಕ ಬಿಟ್ಟು ಅಲೆ ಹಿಡಿದೆ. ಬುಡದ ಸುತ್ತ ಬೇರಿಗೆ ಮಣ್ಣು ಬಿಟ್ಟು, ಅದರಾಚೆ ಹಾವಿನಂತೆ ಹರಿಯುವ ಆಸನ. ಸರಳು, ಜಾಳಿಗೆ, ಗಾರೆ, ನೀರುಣಿಸಿ ಗಟ್ಟಿ ಮಾಡುವ ಕ್ಯೂರಿಂಗ್ ಎಲ್ಲ ಎಂದಿನಂತೆಯೇ ಆಯಿತು, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಅಲೆ ಯಾಕೆ ಅಂತ ಓಣಿಯಲ್ಲಿ ಎಲ್ಲರೂ ಕೇಳಿದರು. ಬಾರ್ಸಿಲೋನಾದ ಪಾರ್ಕ್ ಗ್ವೆಲ್‌ನಲ್ಲಿ ಸ್ಪೇನಿನ ವಾಸ್ತುಶಿಲ್ಪಿ ಗೌಡಿ ಮತ್ತು ಅವನ ಜೊತೆಗಾರ ಜುಜೋಲ್ ಮಾಡಿದ ಉದ್ದನೆಯ ಬೆಂಚಿನ ಫೋಟೋ ತೋರಿಸಿದೆ. ಸುಮಾರು 110 ಮೀಟರ್ ಉದ್ದ, ಮೈತುಂಬ ಒಡೆದ ಟೈಲ್ಸ್ ಚೂರು. ನೋಡಲು ಚಂದ ಅನ್ನೋದು ಒಂದು ಮಾತು. ಆದರೆ ನನ್ನ ಮನಸ್ಸು ಹಿಡಿದದ್ದು ಅದರ ಬಾಗು. ಒಳಕ್ಕೆ ಬಾಗಿದ ಕಡೆ ನಾಲ್ಕು ಜನ ಕೂತರೆ ಮುಖ ಮುಖ ಕಾಣುತ್ತದೆ, ಮಾತು ತಾನಾಗಿ ಶುರುವಾಗುತ್ತದೆ. ಹೊರಕ್ಕೆ ಉಬ್ಬಿದ ಕಡೆ ಒಬ್ಬರೇ ಪೇಪರ್ ಓದುತ್ತಾ ಕೂರಬಹುದು. ನಮ್ಮ ಹಳೆ ಚೌಕ ಕಟ್ಟೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಹಾಕಿಯೇ ಕೂರುತ್ತಿದ್ದರು. ಕಟ್ಟೆಯ ಮೇಲಿನ ಹರಟೆಯನ್ನು ಇಷ್ಟು ಪ್ರೀತಿಸುವ ಊರಿಗೆ ಅಲೆಯ ಕಟ್ಟೆ ಯಾವತ್ತೋ ಬರಬೇಕಿತ್ತು.

ಬಣ್ಣ ಮಾತ್ರ ಬಾರ್ಸಿಲೋನಾದ್ದಲ್ಲ. ಅದು ಇಲ್ಲಿನದೇ. 1472ರಲ್ಲಿ ಕಟ್ಟಿಸಿದ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ನಮ್ಮ ಓಣಿಯಿಂದ ನಡೆದು ಹೋಗುವಷ್ಟು ಹತ್ತಿರ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗದ ಅರ್ಧವೇ ಹೋಯಿತು. ಎರಡರಲ್ಲಿ ಒಂದು ಮಿನಾರು ಉಳಿಯಿತು. ಉಳಿದ ಗೋಡೆಯ ಮೇಲೆ ಇವತ್ತಿಗೂ ನೀಲಿ, ಬಿಳಿ, ಹಳದಿ ಬಿಲ್ಲೆಗಳು ಅಲ್ಲಲ್ಲಿ ಅಂಟಿಕೊಂಡಿವೆ. ಸಂಜೆ ಓರೆ ಬಿಸಿಲು ಬಿದ್ದಾಗ ಆ ನೀಲಿಯನ್ನು ಒಮ್ಮೆ ನೋಡಿ. ಐನೂರು ವರ್ಷ ಬೀದರಿನ ಬಿಸಿಲು, ಮಳೆ ತಿಂದ ನೀಲಿ ಅದು. ಕಟ್ಟೆಯ ಅಂಚಿಗೆ ಬೇರೆ ಬಣ್ಣ ಹಾಕಲು ನನಗೆ ಮನಸ್ಸೇ ಬರಲಿಲ್ಲ.

ಹಾಗಾಗಿ ಬಿಳಿ ಮೈ, ನೀಲಿ ಅಂಚು. ಚಳಿಗಾಲದಲ್ಲಿ ಕೂರಿಸಿ ಮುಗಿಸಿದೆವು. ಮಾರ್ಚ್‌ವರೆಗೆ ಒಂದು ಚೂರೂ ಅಲುಗಲಿಲ್ಲ. ಏಪ್ರಿಲ್‌ನಲ್ಲಿ ಪಡುವಣ ಬದಿಯ ಉಬ್ಬಿನಿಂದ ನೀಲಿ ಬೀಳಲು ಶುರುವಾಯಿತು. ಬಿಳಿ ಬೀಳಲಿಲ್ಲ. ಬರೀ ನೀಲಿ. ಮಕ್ಕಳು ಬಿದ್ದ ಚೂರುಗಳನ್ನು ಆರಿಸಿ ತಂದು ನಮ್ಮ ಬಾಗಿಲಲ್ಲಿ ಇಡುತ್ತಿದ್ದರು. ಪ್ರತಿ ಚೂರಿನ ಹಿಂಬದಿಯೂ ಒಂದೇ ಥರ: ಸ್ವಚ್ಛ. ಒಂದು ಕಾಳಿನಷ್ಟೂ ಗಾರೆ ಅಂಟಿಲ್ಲ. ಗಾರೆಯಲ್ಲಿ ಮಾತ್ರ ಚೂರಿನ ಅಚ್ಚು ಹಾಗೇ ಉಳಿದಿತ್ತು.

ಎಲ್ಲರಿಗೂ ಥಟ್ಟನೆ ಹೊಳೆದ ಕಾರಣ ಬಿಸಿಲು. ಗಾಢ ಬಣ್ಣ ಜಾಸ್ತಿ ಕಾಯುತ್ತದೆ, ಹಿಗ್ಗುತ್ತದೆ, ಕಿತ್ತು ಬರುತ್ತದೆ. ಮಧ್ಯಾಹ್ನ ಮೂರಕ್ಕೆ ನೀಲಿಯ ಮೇಲೆ ಕೈ ಇಟ್ಟರೆ ಚುರ್ ಅನ್ನುತ್ತದೆ, ಬಿಳಿ ತಡೆದುಕೊಳ್ಳುವಷ್ಟು ಇರುತ್ತದೆ. ಮಾತು ಸರಿಯಾಗಿಯೇ ಕೂಡುತ್ತಿತ್ತು. ನಮ್ಮ ಗೌಂಡಿ ಕಾಕಾ ಕಟ್ಟೆ ನೋಡಿ, "ಸರ್, ನೀಲಿ ತಗದು ಬಿಳೀನೇ ಹಚ್ಚಿಬಿಡ್ರಿ, ಸುಮ್ನೆ ತಲಿ ಯಾಕ ಕೆಡಿಸ್ಕೋತೀರಿ" ಅಂದರು.

ಆದರೆ ಲೆಕ್ಕ ಒಪ್ಪುತ್ತಿರಲಿಲ್ಲ. ಟೈಲ್ಸ್‌ಗಿಂತ ಸಿಮೆಂಟ್ ಗಾರೆ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ ಅನ್ನೋದು ನಿಜ. ಆ ವ್ಯತ್ಯಾಸ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಐದು ಪಾಲು ಅಂತ ಹಿಡಿಯಿರಿ. 5 ಸೆಂಟಿಮೀಟರ್ ಚೂರು, 30 ಡಿಗ್ರಿ ಏರಿಳಿತ. ಲೆಕ್ಕ ಹಾಕಿದರೆ ಬರುವುದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಕಡಿಮೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗ. ನಾವು ಚೂರಿನ ನಡುವೆ 4 ಮಿಲಿಮೀಟರ್ ಸಂದು ಬೇರೆ ಬಿಟ್ಟಿದ್ದೇವೆ. ಇಷ್ಟಕ್ಕೆಲ್ಲ ಗಟ್ಟಿ ಹಿಡಿತ ಬಿಡುವುದಿಲ್ಲ. ಹಿಡಿತವೇ ಇಲ್ಲದಿದ್ದರೆ ಮಾತು ಬೇರೆ.

ಈ ಸಂದಿನ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸವಿದೆ. ಅಲ್ಲಿ ಸಂದು ಹುಡುಕಿದರೂ ಸಿಗುವುದಿಲ್ಲ. ಚಿಪ್ಪಿನ ಆಕಾರಕ್ಕೆ ಕಲ್ಲನ್ನೇ ಕೊರೆದು ಕೂರಿಸಿದ್ದಾರೆ. ಒಡಕು ಟೈಲ್ಸ್ ಕಲೆ ಪೂರ್ತಿ ಉಲ್ಟಾ. ಇಲ್ಲಿ ಸಂದೇ ಗೆರೆ. ಚಪ್ಪಟೆ ಚೂರು ಉಬ್ಬಿನ ಮೇಲೆ ಬಾಗುವುದಿಲ್ಲ, ಬಾಗುವುದು ಸಂದು. ಎರಡು ಚೂರು ಸೇರುವ ಕಡೆ ಮೇಲ್ಮೈ ಸ್ವಲ್ಪವೇ ಸ್ವಲ್ಪ ತಿರುಗುತ್ತದೆ, ಹೀಗೆ ತಿರುಗುತ್ತಾ ತಿರುಗುತ್ತಾ ಅಲೆಯಾಗುತ್ತದೆ. ಆದ್ದರಿಂದ ಉಬ್ಬು ಜಾಸ್ತಿ ಇದ್ದ ಕಡೆ ಚೂರು ಸಣ್ಣದಿರಬೇಕು, ಸಂದು ಜಾಸ್ತಿ ಬೇಕು. ದೊಡ್ಡ ಚೂರು ಹಾಕಿದರೆ ನಡುವೆ ಮಾತ್ರ ತಾಗಿ ಅಂಚಿನ ಕೆಳಗೆ ಟೊಳ್ಳು ಉಳಿಯುತ್ತದೆ. ನಮ್ಮ ಅಂಚಿನಲ್ಲಿ ಚೂರುಗಳೆಲ್ಲ ಸಣ್ಣವೇ ಇದ್ದವು. ಆ ಅನುಮಾನವೂ ಹೋಯಿತು.

ಬೀಗದ ಕೈ ಸಿಕ್ಕಿದ್ದು ಒಂದು ಹನಿ ನೀರಿನಲ್ಲಿ. ಒಂದು ಬಿಳಿ ಚೂರು, ಒಂದು ನೀಲಿ ಚೂರು ಬೆನ್ನು ಮೇಲೆ ಮಾಡಿ ಇಟ್ಟುಕೊಂಡು ಬೆರಳಿನಿಂದ ತಲಾ ಒಂದು ಹನಿ ಬಿಟ್ಟೆ. ಬಿಳಿಯ ಬೆನ್ನು ಕೆಂಚಗೆ, ಒರಟು. ಹನಿ ಬಿದ್ದ ಕೂಡಲೇ ಒದ್ದೆ ಕಲೆಯಾಗಿ ಹರಡಿ ಒಳಗೆ ಹೋಯಿತು. ನೀಲಿಯ ಬೆನ್ನಿನ ಮೇಲೆ ಹನಿ ಗುಂಡಗೆ ಕೂತೇ ಇತ್ತು. ಚಹಾ ಕುಡಿದು ಬಂದು ನೋಡಿದರೂ ಅಲ್ಲೇ ಇತ್ತು. ಹನಿ ಒರೆಸಿದೆ. ಹೆಬ್ಬೆರಳಿಗೆ ಬಿಳಿ ಹಿಟ್ಟು ಅಂಟಿತು, ಸುಣ್ಣದ ಗೋಡೆ ಮುಟ್ಟಿದರೆ ಬರುವಂಥ ನುಣುಪು ಪುಡಿ.

ನೀಲಿ ಚೂರು ಗೋಡೆಯ ಸೆರಾಮಿಕ್ ಅಲ್ಲವೇ ಅಲ್ಲ. ನೆಲಕ್ಕೆ ಹಾಕುವ ವಿಟ್ರಿಫೈಡ್, ಅಂದರೆ ಗಾಜಿನಂತೆ ರಂಧ್ರ ಮುಚ್ಚುವಷ್ಟು ಸುಟ್ಟದ್ದು. ಗೋಡೆಯ ಸೆರಾಮಿಕ್ ತನ್ನ ತೂಕದ ನೂರಕ್ಕೆ 10ಕ್ಕಿಂತ ಜಾಸ್ತಿ ನೀರು ಹೀರುತ್ತದೆ. ವಿಟ್ರಿಫೈಡ್ ನೂರಕ್ಕೆ ಅರ್ಧ ಪಾಲೂ ಹೀರುವುದಿಲ್ಲ. ಸಾದಾ ಸಿಮೆಂಟ್ ಹಿಡಿಯುವುದೇ ಆ ಸಣ್ಣ ರಂಧ್ರಗಳಲ್ಲಿ. ಸಿಮೆಂಟ್ ನೀರು ಒಳಗಿಳಿದು ಅಲ್ಲೇ ಗಟ್ಟಿಯಾದರೆ ಹಿಡಿತ. ಇಳಿಯಲು ದಾರಿಯೇ ಇಲ್ಲದಿದ್ದರೆ ಗಾರೆ ಸುಮ್ನೆ ಅಚ್ಚಾಗಿ ಕೂರುತ್ತದೆ. ಆ ಬಿಳಿ ಪುಡಿ ಇನ್ನೊಂದು ಶತ್ರು. ಭಟ್ಟಿಯಲ್ಲಿ ಸುಡುವಾಗ ಟೈಲ್ಸ್ ಉರುಳೆಗಳಿಗೆ ಅಂಟಬಾರದು ಅಂತ ಕಾರ್ಖಾನೆಯಲ್ಲೇ ಬೆನ್ನಿಗೆ ಬಳಿಯುತ್ತಾರೆ. ಉರುಳೆಗೆ ಅಂಟದಂತೆ ತಡೆದ ಪುಡಿ ಗಾರೆಗೂ ಅಂಟಲು ಬಿಡುವುದಿಲ್ಲ. ಸಾಲದ್ದಕ್ಕೆ ಎಲ್ಲ ಚೂರುಗಳನ್ನೂ ಬಕೆಟ್‌ನಲ್ಲಿ ನೆನೆಸಿ ಕೂರಿಸುವುದು ಇಲ್ಲಿನ ರೂಢಿ. ಸೆರಾಮಿಕ್‌ಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ. ವಿಟ್ರಿಫೈಡ್‌ನ ಬೆನ್ನಿನ ಮೇಲೆ ಮಾತ್ರ ಆ ನೀರು ಪೊರೆಯಾಗಿ ನಿಂತು ಗಾರೆಯನ್ನು ಇನ್ನೂ ದೂರ ಇಡುತ್ತದೆ.

ಈಗ ಅಂಗಡಿಯ ಮಾತು. ಒಡಕು ಮಾಲನ್ನು ಮೂಟೆ ಲೆಕ್ಕದಲ್ಲಿ ಕೊಡುವವರು ಅವರು. "ಗೋಡೆ ಟೈಲ್ಸೇ ಬೇಕು" ಅಂತ ಬಿಡಿಸಿ ಹೇಳಿದ್ದೆ, ಬಿಲ್ಲಿನ ಮೇಲೂ ಹಾಗೇ ಬರೆದಿದ್ದಾರೆ. ಮೂಟೆಯಲ್ಲಿ ಬಿಳಿ ಗೋಡೆಯದು, ನೀಲಿ ನೆಲದ್ದು. ಕೇಳಲು ಹೋದರೆ "ಎಲ್ಲಾ ಒಂದೇ ಮಾಲ್ ಸರ್, ಎಲ್ಲಾ ಮೋರ್ಬಿದೇ" ಅಂದರು. ಗುಜರಾತಿನ ಮೋರ್ಬಿಯಲ್ಲಿ ಎರಡೂ ಥರ ತಯಾರಾಗುತ್ತವೆ ಸ್ವಾಮಿ! ಊರು ಒಂದಾದರೆ ಮಾಲು ಒಂದಾಗುತ್ತದೆಯೇ? ನನಗೆ ನಿಜಕ್ಕೂ ಸಿಟ್ಟು ಬಂದದ್ದು ದುಡ್ಡಿಗಲ್ಲ. ಅದು ಹತ್ತು ಜನ ಕೂರುವ ಜಾಗ. ಉದುರಿದ ಚೂರಿನ ಅಂಚು ಬ್ಲೇಡಿನಷ್ಟು ಹರಿತ. ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

ಕಾರಣ ಹೊಳೆದರೂ ಒಂದು ತೊಡಕಿತ್ತು. ನಮ್ಮ ಕಟ್ಟೆಯಲ್ಲಿ ಗಾಢ ಬಣ್ಣದ್ದೆಲ್ಲ ವಿಟ್ರಿಫೈಡ್, ತಿಳಿ ಬಣ್ಣದ್ದೆಲ್ಲ ಸೆರಾಮಿಕ್. ತಪ್ಪು ಬಣ್ಣದ್ದೋ ಟೈಲ್ಸಿನ ಜಾತಿಯದ್ದೋ ಅಂತ ಬಿಡಿಸುವುದು ಹೇಗೆ? ಎದುರು ಮನೆಯಲ್ಲಿ ನೆಲ ಹಾಕುತ್ತಿದ್ದರು, ಅಲ್ಲಿಂದ ಬಿಳಿ ವಿಟ್ರಿಫೈಡ್ ತುಂಡು ತಂದೆ. ಹಳೆ ಬಚ್ಚಲು ಒಡೆಯುತ್ತಿದ್ದ ಕಡೆಯಿಂದ ನೀಲಿ ಸೆರಾಮಿಕ್ ಸಿಕ್ಕಿತು. ಅದೇ ಪಡುವಣ ಉಬ್ಬಿನ ಮೇಲೆ, ಅದೇ ಸಾದಾ ಗಾರೆಯಲ್ಲಿ ನಾಲ್ಕೂ ಥರದ್ದನ್ನು ಪಕ್ಕಪಕ್ಕ ಕೂರಿಸಿ, ಗೋಣಿ ತಟ್ಟು ಹೊದಿಸಿ ಕ್ಯೂರಿಂಗ್ ಮುಗಿಸಿ, ಮೇ ತಿಂಗಳ ಬಿಸಿಲಿಗೆ ಬಿಟ್ಟೆ. ಆಮೇಲೆ ಸ್ಪ್ಯಾನರ್ ಹಿಡಿಯಿಂದ ತಟ್ಟಿ ನೋಡಿದೆ. ಸೆರಾಮಿಕ್ ನೀಲಿ ಆಗಲಿ ಬಿಳಿ ಆಗಲಿ ಟಕ್ ಟಕ್, ಅಂದರೆ ಗಟ್ಟಿ ಹಿಡಿದಿದೆ. ವಿಟ್ರಿಫೈಡ್ ಎರಡೂ ಬಣ್ಣದ್ದು ಡಬ್ ಡಬ್, ಅಂದರೆ ಕೆಳಗೆ ಹಿಡಿತವಿಲ್ಲ. ಬಿಳಿ ವಿಟ್ರಿಫೈಡ್ ಉಗುರಿಗೇ ಎದ್ದು ಬಂತು. ನಾನು ಕಟ್ಟೆಯ ಮೇಲೆ ನಿಂತು ಕೂಗಿದ್ದಕ್ಕೆ ಎದುರು ಮನೆ ಅಜ್ಜಿ "ಯಾಕ್ ತಮ್ಮಾ, ಚೇಳು ಕಡೀತೇನು" ಅಂತ ಓಡಿ ಬಂದರು.

ಬಣ್ಣ ಬಿಡಬೇಕಿಲ್ಲ. ನೀಲಿ ಉಳಿಯುತ್ತದೆ.

ಕೈಯಲ್ಲಿರುವ ವಿಟ್ರಿಫೈಡ್ ನೀಲಿಯನ್ನು ಎಸೆಯುವ ಹಾಗೂ ಇಲ್ಲ, ಆ ಛಾಯೆ ಮತ್ತೆ ಸಿಗುವುದು ಕಷ್ಟ. ಹೀಗೆ ಕೂರಿಸುತ್ತಿದ್ದೇನೆ. ಮೊದಲು ತಂತಿ ಬ್ರಷ್‌ನಿಂದ ಬೆನ್ನು ಉಜ್ಜಿ, ಬೆರಳಿಗೆ ಪುಡಿ ಅಂಟದ ತನಕ ತೊಳೆಯಬೇಕು. ಪೂರ್ತಿ ಒಣಗಿಸಬೇಕು, ನೆನೆಸಬಾರದು. ಪಾಲಿಮರ್ ಬೆರೆತ ಟೈಲ್ಸ್ ಅಡ್ಹೆಸಿವ್ (ಟೈಲ್ಸ್ ಅಂಟಿಸುವ ಪುಡಿ) ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಕಲಸಬೇಕು. ಚೂರಿನ ಬೆನ್ನಿಗೂ ಉಬ್ಬಿಗೂ ಎರಡೂ ಕಡೆ ಬಳಿದು, ಸುತ್ತ ಅಂಚಿನಿಂದ ಹೊರಗೆ ಉಕ್ಕುವ ತನಕ ಹೆಬ್ಬೆರಳಿನಿಂದ ಒತ್ತಬೇಕು. ಈ ಬಿಸಿಲಲ್ಲಿ ಬಳಿದದ್ದು ನೋಡನೋಡುತ್ತ ಕೆನೆಗಟ್ಟುತ್ತದೆ, ಕೆನೆಗಟ್ಟಿದ ಮೇಲೆ ಕೂರಿಸಿದ್ದು ಹಿಡಿಯುವುದಿಲ್ಲ. ಅದಕ್ಕೇ ನೆರಳು ಬಂದ ಮೇಲೆ ಶುರು, ಒಂದು ಸಲಕ್ಕೆ ಒಂದು ಬೊಗಸೆಯಷ್ಟೇ ಕಲಸುವುದು.

ಅಡ್ಹೆಸಿವ್‌ದೂ ಒಂದು ಗೋಳು. ಮೊದಲು ತಂದ ಮೂಟೆಯ ಮೇಲೆ ತಾರೀಖು ಉಜ್ಜಿ ಹೋಗಿತ್ತು, ಒಳಗೆ ಹುಣಸೆಬೀಜದಷ್ಟು ಗಂಟುಗಳು. ವಾಪಸ್ ಮಾಡಿದೆ. ತಾರೀಖು ಕಾಣದ ಮೂಟೆ ಮುಟ್ಟಬೇಡಿ.

ಕಾಕಾಗೆ ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಸಾದಾ ಗಾರೆಯಂತೆ ದಿನಾ ನೀರು ಹೊಡೆಯುವುದು ಇದಕ್ಕೆ ಬೇಡ. ಪಾಲಿಮರ್ ಪದರ ಒಣಗುತ್ತಾ ಗಟ್ಟಿಯಾಗಬೇಕು, ನೆರಳಿದ್ದರೆ ಸಾಕು. ಕಾಕಾ ಕೊಡ ಹಿಡಿದು ನಿಂತೇ ಇದ್ದರು. "ನೀರ ಹೊಡೀಲಾರ್ದ ಸಿಮೆಂಟ್ ಎಲ್ಲಾದ್ರೂ ನಿಲ್ತದೇನ್ರೀ?" ವಾರ ಕಳೆದ ಮೇಲೆ ಉಳಿ, ಸುತ್ತಿಗೆ ಅವರ ಕೈಗೇ ಕೊಟ್ಟೆ. ಚೂರು ಪುಡಿಯಾಯಿತು, ಬೆನ್ನಿನ ಪದರ ಉಬ್ಬಿಗೆ ಹಾಗೇ ಕಚ್ಚಿಕೊಂಡಿತ್ತು. ಅವರು ಬೆರಳಾಡಿಸಿ ನೋಡಿ, ಕೊಡದ ನೀರನ್ನು ಬೇವಿನ ಬುಡಕ್ಕೆ ಸುರಿದು, ಬ್ರಷ್ ಎತ್ತಿಕೊಂಡು ಚೂರು ಉಜ್ಜಲು ಕೂತರು.

ಕೆಲಸದ ನಡುವೆ ತಲೆ ಇನ್ನೊಂದು ಕಡೆ ಓಡುತ್ತಿದೆ, ಬರೆದೇ ಬಿಡುತ್ತೇನೆ. ಓಣಿಯ ಬಾಯಲ್ಲಿ ಬೇಸಿಗೆಗೆ ಅರವಟ್ಟಿಗೆ ಇಡುತ್ತಾರೆ. ಮೇಲೆ ಬರೀ ತಗಡು, ಕೆಳಗೆ ಹಂಡೆ ಕಾಯುತ್ತದೆ. ಅದಕ್ಕೊಂದು ತೆಳು ಚಿಪ್ಪಿನಂಥ ಸೂರು ಮಾಡಬೇಕು. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗ್ವೆಲ್ ಚರ್ಚಿಗೆ ಗೌಡಿ ದಾರಗಳನ್ನು ತೂಗುಬಿಟ್ಟು, ಸೀಸದ ಗುಂಡುಗಳ ಸಣ್ಣ ಚೀಲ ಕಟ್ಟಿ, ಆ ಆಕಾರವನ್ನು ತಲೆಕೆಳಗು ಮಾಡಿ ಕಮಾನು ಪಡೆದ. ಇಳಿಬಿಟ್ಟ ದಾರದಲ್ಲಿ ಬರೀ ಎಳೆತ, ತಿರುಗಿಸಿದ ಕಮಾನಿನಲ್ಲಿ ಬರೀ ಒತ್ತಡ. ಕಲ್ಲಿಗೂ ಗಾರೆಗೂ ಬೇಕಾದದ್ದು ಒತ್ತಡವೇ. 1914ರಲ್ಲಿ ಆ ಕೆಲಸ ನಿಂತು ಕೆಳಗಿನ ಭಾಗವಷ್ಟೇ ಉಳಿಯಿತು, ಆದರೂ ಅದರ ಕಂಬಗಳು ಮರದಂತೆ ಓರೆಯಾಗಿ ನಿಂತಿರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ನನ್ನ ಮಾಳಿಗೆಯ ತೊಲೆಗೆ ಈಗಾಗಲೇ ಸರಪಳಿ ತೂಗುತ್ತಿವೆ. ಕಲಬುರಗಿ ಕೋಟೆಯ ಜಾಮಿ ಮಸೀದಿಗೂ ಒಮ್ಮೆ ಅಳತೆ ಪಟ್ಟಿ ಹಿಡಿದು ಹೋಗಬೇಕು. 1367ರ ಕಟ್ಟಡ, ಅಂಗಳವೇ ಇಲ್ಲದೆ ಪೂರ್ತಿ ಸೂರು ಹೊದಿಸಿದ್ದು. ಗಿಡ್ಡ ಕಂಬದ ಮೇಲೆ ಅಷ್ಟು ಅಗಲದ ಕಮಾನು ಹೇಗೆ ಹರಡಿದ್ದಾರೆ ಅಂತ ಹತ್ತಿರದಿಂದ ನೋಡಬೇಕು.

ಚಿಪ್ಪಿನ ಮೈಗೆ ಒಡೆದ ಕಪ್, ಬಸಿ ಚೂರು ಹಾಕುವ ಆಸೆ. ಚಂಡೀಗಢದಲ್ಲಿ ನೇಕ್ ಚಂದ್ ಅನ್ನುವ ರಸ್ತೆ ಇನ್‌ಸ್ಪೆಕ್ಟರ್ 1957ರಿಂದ ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಪಿಂಗಾಣಿ ಚೂರು, ಒಡೆದ ಬಳೆ, ಕರೆಂಟ್ ಕಂಬದ ಇನ್ಸುಲೇಟರ್ ಕೂಡಿಸಿ ರಾಕ್ ಗಾರ್ಡನ್ ಅನ್ನುವ ಶಿಲ್ಪಗಳ ರಾಜ್ಯವನ್ನೇ ಕಟ್ಟಿದರು. 1976ರಲ್ಲಿ ಅದು ಜನರಿಗೆ ತೆರೆಯಿತು. ಅಂಥ ಮನುಷ್ಯ ಹುಟ್ಟಿದ ದೇಶದಲ್ಲಿ ನಮ್ಮ ಪಾರ್ಕುಗಳಿಗೆ ಸಿಮೆಂಟ್ ಜಿಂಕೆ ಮಾತ್ರ ಸಾಕು ಅಂತ ಯಾರು ತೀರ್ಮಾನ ಮಾಡಿದರೋ, ನನಗೆ ಅದು ನೋವಿನ ವಿಷಯ. ಓಣಿಯ ಹೆಂಗಸರು ಈಗಲೇ ಒಡೆದ ಬಸಿ ತಂದುಕೊಡುತ್ತಿದ್ದಾರೆ. ಈ ಸಲ ಪ್ರತಿಯೊಂದಕ್ಕೂ ಮೊದಲು ಬೆನ್ನಿಗೆ ಹನಿ ನೀರು, ಆಮೇಲೆ ಬುಟ್ಟಿ. ಹೀರುವುದು ಒಂದು ಬುಟ್ಟಿಗೆ, ಹೀರದ್ದು ಇನ್ನೊಂದಕ್ಕೆ.

ಪಡುವಣ ಅಂಚು ಅರ್ಧ ಮುಗಿದಿದೆ. ಮೂಡಣ ಬದಿಯ ನೀಲಿ ಇನ್ನೂ ಬಿದ್ದಿಲ್ಲ, ಆದರೆ ತಟ್ಟಿದರೆ ಡಬ್ ಅನ್ನುತ್ತಿದೆ. ಅದನ್ನೂ ಎಬ್ಬಿಸಿ ಹೊಸದಾಗಿ ಕೂರಿಸುತ್ತೇನೆ. ಅಲ್ಲಿಗೆ ಇನ್ನೊಂದು ಬುಟ್ಟಿಯಷ್ಟು ನೀಲಿ ಬೇಕು. ಕಲಬುರಗಿ, ಹುಮನಾಬಾದ್, ಜಹೀರಾಬಾದ್ ಕಡೆ ಯಾರಾದರೂ ಹಳೆ ಬಚ್ಚಲು ಒಡೆಸುತ್ತಿದ್ದು, ಗೋಡೆಯಲ್ಲಿ ಗಾಢ ನೀಲಿ ಸೆರಾಮಿಕ್ ಇದ್ದರೆ ಕಸಕ್ಕೆ ಹಾಕಬೇಡಿ, ತಿಳಿಸಿ. ಗಾಡಿ ನಾನೇ ತರುತ್ತೇನೆ.